ಗೂಳಿಕಟ್ಟೆಯ ಗುಣಸಂಧಿ

ಜಯಕುಮಾರನ ಆ ದಿನದ ಪಾಡಿಗೆಲ್ಲ ಮೂಲ ಒಂದು ಸಂಧಿ. ‘ಪತ್ರಿಕಾ’ ಎಂಬುದಕ್ಕೆ ‘ಉದ್ಯಮ’ ಸೇರಿದರೆ ‘ಪತ್ರಿಕೋದ್ಯಮ’ ಆಗುತ್ತದೆ, ಇದು ಗುಣಸಂಧಿ ಎಂದು ಹೈಸ್ಕೂಲಿನಲ್ಲಿ ಅವನಿಗೆ ಹೇಳಿಕೊಟ್ಟಿದ್ದರು. ಸೇರಿಕೊಂಡದ್ದನ್ನು ಸೇರಿಕೊಂಡ ಹಾಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಅದನ್ನು ಬಿಡಿಸಿದ. ಅದೂ ಎಲ್ಲಿ? ಗೂಳಿಕಟ್ಟೆಯ ಬಸ್ ಸ್ಟಾಪಿನಲ್ಲಿ, ದೊಡ್ಡಲಕ್ಷ್ಮಮ್ಮನ ಕಿವಿಗೆ ಬೀಳುವ ಹಾಗೆ.

ಗೂಳಿಕಟ್ಟೆ ಚನ್ನಪಟ್ಟಣ ತಾಲ್ಲೂಕಿನಲ್ಲಿ ಹೊಂಗನೂರು ದಾಟಿ ಒಳಗೆ ಹೋದರೆ ಸಿಗುವ ಊರು. ಆಗ ಅಲ್ಲಿ ಮೊಬೈಲು ಇದ್ದದ್ದು ಜಮೀನು ಬ್ರೋಕರ್ ನಟರಾಜು ಒಬ್ಬನ ಹತ್ತಿರ. ಅದಕ್ಕೂ ಸಿಗ್ನಲ್ ಸಿಗಬೇಕಾದರೆ ಅವನು ಕೆರೆ ಏರಿ ಹತ್ತಿ ನಿಲ್ಲಬೇಕಿತ್ತು. ಮಿಕ್ಕವರಿಗೆಲ್ಲ ಬಸ್ ಸ್ಟಾಪಿನ ಪಕ್ಕದ ಇಮಾಮ್ ಸಾಬರ ಎಸ್‌ಟಿಡಿ ಬೂತೇ ಗತಿ. ಬೆಳಿಗ್ಗೆ ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ಜಯಕುಮಾರ ಅಲ್ಲಿಗೆ ಬಂದಿದ್ದ.

"ಸಾಬ್ರೇ, ಇವತ್ತು ಮೂರೂವರೆಗೆ ನಿಮ್ ಫೋನಿಗೆ ಫಾರಿನ್ನಿಂದ ನಂಗೊಂದು ಕಾಲ್ ಬತ್ತದೆ. ಆ ಹೊತ್ನಾಗೆ ಯಾರ್ಗೂ ಫೋನ್ ಕೊಡ್‌ಬ್ಯಾಡಿ."

ಬೂತಿನ ಗಾಜು ಒರೆಸುತ್ತಿದ್ದ ಇಮಾಮ್ ಸಾಬರು ಬಟ್ಟೆ ಕೆಳಗಿಟ್ಟರು. "ಫಾರಿನ್ನಿಂದಾನಾ? ನಿಂಗ್ಯಾರಪ್ಪ ಬೇಟಾ ಅಲ್ಲಿ?"

"ಇಂಟರ್‌ನ್ಯಾಷನಲ್ ಪತ್ರಿಕೋದ್ಯಮ, ಸಾಬ್ರೇ."

"ಅಂದ್ರೆ?"

"ಪತ್ರಿಕೆ... ಉದ್ಯಮ," ಎಂದು ಜಯಕುಮಾರ ಮೇಷ್ಟರ ಗತ್ತಿನಲ್ಲಿ ಬಿಡಿಸಿ ಹೇಳಿದ.

ಬಸ್ಸಿಗೆ ಕಾದು ಕುಳಿತಿದ್ದ ದೊಡ್ಡಲಕ್ಷ್ಮಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ಪತ್ರಿಕೆ ಎಂದರೆ ಮದುವೆಗೆ ಅಚ್ಚು ಹಾಕಿಸುವುದು. ಆದರೆ ಉದ್ಯಮ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ರಾಮನಗರ ಜಿಲ್ಲೆಯಾಗುತ್ತದಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದಿದ್ದವು. ಉದ್ಯಮ ಬಂದ ಊರಿನಲ್ಲಿ ಉದ್ದದ ಕಾಂಪೌಂಡು, ಗೇಟಿನಲ್ಲಿ ವಾಚ್‌ಮನ್ನು, ನೆಂಟರ ಮನೆ ಮುಂದೆ ಹೊಸ ಕಾರು ಎಲ್ಲವನ್ನೂ ಅವಳು ಕಣ್ಣಾರೆ ಕಂಡು ಬಂದಿದ್ದಳು. ಬಸ್ಸು ಬಂತು. ಅವಳು ಹತ್ತಲಿಲ್ಲ. ಸೆರಗು ಸಿಕ್ಕಿಸಿಕೊಂಡು ಊರೊಳಕ್ಕೆ ಬಿರಬಿರನೆ ನಡೆದಳು.

ಜಯಕುಮಾರ ಅದನ್ನು ನೋಡಲಿಲ್ಲ. ನಿಂತಲ್ಲೇ ಎಲ್ಲಿಗೋ ಹೋಗಿಬಿಡುವುದು ಅವನ ಅಭ್ಯಾಸ. ರಾಮನಗರದಿಂದ ಬರುವ ನಾಲ್ಕು ಪುಟದ ಪತ್ರಿಕೆಯೊಂದಕ್ಕೆ ಅವನು ಆ ಭಾಗದ ವರದಿಗಾರ. ಒಮ್ಮೆ ಪಂಚಾಯ್ತಿ ಸಭೆಯ ವರದಿಗೆಂದು ಹೋದವನು, ಸಭೆ ನಡೆಯುತ್ತಿದ್ದ ಕಟ್ಟಡದ ಜಂತಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತಿದ್ದ ಬಗೆಯನ್ನು ಎರಡು ಕಾಲಂ ಬರೆದು ಕಳಿಸಿದ್ದ. ಸಂಪಾದಕರು ಅದನ್ನು ಹಾಕದೆ, ಸಭೆಯಲ್ಲಿ ಏನಾಯಿತು ಎಂದು ಕೇಳಿದ್ದರು. ಏನಾಯಿತೆಂದು ಅವನಿಗೂ ಗೊತ್ತಿರಲಿಲ್ಲ.

ಇಂಥವನಿಗೆ ಚನ್ನಪಟ್ಟಣದ ಬ್ರೌಸಿಂಗ್ ಸೆಂಟರಿನಲ್ಲಿ ಆ ಕೋರ್ಸು ಕಣ್ಣಿಗೆ ಬಿದ್ದದ್ದು ಅವನ ಭಾಗ್ಯವೋ ಊರಿನ ಗ್ರಹಚಾರವೋ. ಯೂರೋಪಿನ ಉತ್ತರಕ್ಕಿರುವ ಒಂದು ವಿಶ್ವವಿದ್ಯಾಲಯ. ಪತ್ರಿಕೋದ್ಯಮ ಮತ್ತು ಮಾಧ್ಯಮದಲ್ಲಿ ಅಂತರರಾಷ್ಟ್ರೀಯ ಮಾಸ್ಟರ್ಸ್ ಪದವಿ. ಮೊದಲ ವರ್ಷ ಒಂದು ದೇಶದಲ್ಲಿ, ಎರಡನೇ ವರ್ಷ ಇನ್ನೊಂದರಲ್ಲಿ. ಹತ್ತಾರು ದೇಶದ ಹುಡುಗ ಹುಡುಗಿಯರು ಒಂದೇ ಮೇಜಿನ ಸುತ್ತ ಕುಳಿತು ಲೋಕದ ಸುದ್ದಿ ಚರ್ಚಿಸುತ್ತಾರಂತೆ. ಓದು, ಊಟ, ವಿಮಾನ ಎಲ್ಲ ಅವರದೇ ಖರ್ಚು. ಆದರೆ ಹಾಗೆ ಪೂರ್ತಿ ಕೊಡುವುದು ಒಂದೇ ಸೀಟಿಗೆ. ಅರ್ಜಿ ಗೆದ್ದು, ಪ್ರಬಂಧ ಗೆದ್ದು, ಈಗ ಉಳಿದದ್ದು ಫೋನಿನ ಸಂದರ್ಶನ.

ಅಪ್ಪ ಚೆಲುವಯ್ಯ ಒಂದೇ ಮಾತು ಹೇಳಿದ್ದ. "ಈ ಒಂದ್ಸಲ ನೋಡು. ಆಗ್ನಿಲ್ವಾ, ಪೇಪರು ಗೀಪರು ಎಲ್ಲ ಬುಟ್ಟು ತ್ವಾಟಕ್ಕಿಳಿ." ಜಯಕುಮಾರ ಒಪ್ಪಿದ್ದ. ತೋಟಕ್ಕಿಳಿದರೆ ಮತ್ತೆ ಮೇಲೆ ಹತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹಿಪ್ಪುನೇರಳೆ ಸೊಪ್ಪಿಗೆ ರಜೆಯಿಲ್ಲ, ರೇಷ್ಮೆ ಹುಳುವಿಗೆ ಭಾನುವಾರವಿಲ್ಲ.

ಬೂತಿನಿಂದ ಮನೆಗೆ ಬರುವಷ್ಟರಲ್ಲಿ ಅವ್ವ ಮುನಿಯಮ್ಮ ಹುಳುಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಎಲ್ಲೋಗಿದ್ಯಪ್ಪ? ಉಳ ಅಣ್ಣಾಗವೆ! ನಾಳೀಕೆ ಅಂತಿದ್ವಿ, ಇವತ್ತೇ ಅಣ್ಣಾಗ್‌ಬುಟ್ಟವೆ!"

ಹುಳು ಹಣ್ಣಾಗುವುದೆಂದರೆ ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾಗುವುದು. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಂಕಿ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಅವು ಸಿಕ್ಕಿದ ಕಡೆ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತವೆ. ಆ ದಿನ ಮನೆಯಲ್ಲಿ ಮದುವೆಯಿದ್ದರೂ ಮುಂದಕ್ಕೆ ಹಾಕುವ ಜನ ಅವರು.

"ಅವ್ವ, ಮೂರೂವರೆಗೆ ನಂಗೆ ಫೋನೈತೆ."

"ಅದೇ ಮೇಷ್ಟ್ರ ಕೆಲ್ಸದ್ದಾ?"

"ಮೇಷ್ಟ್ರ ಕೆಲ್ಸ ಅಲ್ಲವ್ವ. ಮಾಸ್ಟರ್ಸು. ಓದೋದು."

"ಮಾಸ್ಟ್ರು ಅಂದ್ರೆ ಮೇಷ್ಟ್ರೇ ತಾನೆ? ಓದ್ಸೋರು ಅವ್ರು, ಓದೋನು ನೀನಾ? ಅಷ್ಟು ದೂರ ಹೋಗಿ?"

ಇದಕ್ಕೆ ಉತ್ತರ ಹುಡುಕುತ್ತ ಅವನು ತಟ್ಟೆಯ ಮುಂದೆ ಕುಳಿತ. ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣಗೆ ಸೋನೆಯ ಹಾಗೆ ಕೇಳುತ್ತಿತ್ತು. ಹಣ್ಣಾದವು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು. ಅವುಗಳ ಮೈ ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತಿಳಿಯಾಗಿತ್ತು. ಜಯಕುಮಾರನಿಗೆ ಅದು ಹುಳುಮನೆ ಎನ್ನುವುದು ಮರೆತೇ ಹೋಯಿತು. ಎತ್ತರದ ಕಿಟಕಿಗಳ ಒಂದು ಕೋಣೆ, ಹೊರಗೆ ಸದ್ದಿಲ್ಲದೆ ಬೀಳುವ ಹಿಮ, ಒಳಗೆ ಉಣ್ಣೆಯ ಅಂಗಿ ತೊಟ್ಟ ಅವನು. ಯಾರೋ ಅವನನ್ನು ಏನೋ ಕೇಳುತ್ತಾರೆ. ಅವನು ಹೇಳಿದ್ದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಎಷ್ಟು ಚೆಂದದ ಜಾಗ! ಅವನಿಗೆ ಆ ಊರಿನ ಮೇಲೆ ಆಗಲೇ ಪ್ರೀತಿ ಹುಟ್ಟಿತ್ತು.

"ಜಯಣ್ಣ, ಒಸಿ ಈಚ್ಗೆ ಬಾಪ್ಪ," ಎಂದು ಯಾರೋ ಕರೆದರು. ದೊಡ್ಡಲಕ್ಷ್ಮಮ್ಮ. ಕೈಯಲ್ಲಿ ಕಾಲು ಕಟ್ಟಿದ ಹುಂಜ. "ನಮ್ ಅಳಿಯಂಗೆ ಗೇಟ್ನಾಗೆ ಒಂದು ಕೆಲ್ಸ ಕೊಡ್ಸು ಸಾಕು. ಒಳಗೆ ಬ್ಯಾಡ. ಗೇಟ್ ತಾವ ಕೂತ್ಕಳೋದು ಅವ್ನಿಗೆ ಸಂದಾಗಿ ಬತ್ತದೆ."

"ಯಾವ ಗೇಟು, ದೊಡ್ಡವ್ವ?"

"ಅದೇ ನಿನ್ ಫಾರಿನ್ ಉದ್ಯಮದ್ದು."

ಅವನು ಬಾಯಿ ತೆರೆಯುವ ಮೊದಲೇ ಬೇಲಿಯಾಚೆಯಿಂದ ಕಾಳಯ್ಯ ಇಣುಕಿದ. ಅವನ ಹಿಂದೆ ಅವನ ಕುರಿಗಳೂ ಇಣುಕಿದವು. "ನಂಗೆ ಕೆಲ್ಸ ಗಿಲ್ಸ ಬ್ಯಾಡ ಕಣಪ್ಪ. ಕಾಂಪೌಂಡೊಳಗೆ ಹುಲ್ಲು ಬೆಳೆಸ್ತಾರಲ್ಲ, ಹಸ್ರಾಗಿ, ಮೆತ್ತಗೆ, ಅದ್ರಾಗೆ ಮೇಯಿಸ್ಕಳಕ್ಕೆ ಬುಡ್ತಾರಾ ಅಂತ ಒಂದ್ ಮಾತು ಕೇಳ್‌ಬುಡು."

"ಅಯ್ಯೋ, ಅದು ಕಾರ್ಖಾನೆ ಅಲ್ಲ! ಓದು! ನಾನು ಓದಕ್ಕೆ ಹೋಗೋದು!"

ದೊಡ್ಡಲಕ್ಷ್ಮಮ್ಮ ಕಾಳಯ್ಯನ ಮುಖ ನೋಡಿದಳು. ಕಾಳಯ್ಯ ಅವಳ ಮುಖ ನೋಡಿದ. ಇಬ್ಬರೂ ತಲೆದೂಗಿದರು. "ಸರಿ ಬುಡು, ಈಗ್ಲೇ ಹೇಳಂಗಿಲ್ಲ," ಎಂದ ಕಾಳಯ್ಯ ದನಿ ತಗ್ಗಿಸಿ. ಹುಂಜವನ್ನು ಜಗಲಿ ಕಂಬಕ್ಕೆ ಕಟ್ಟಿ ಹೋದರು.

ಕಷ್ಟ ಏನೆಂದರೆ, ಜಯಕುಮಾರ ಅಲ್ಲ ಅಲ್ಲ ಎಂದಷ್ಟೂ ಹೌದೆಂದು ಊರು ನಂಬಿತು. ಆ ಭಾಗದಲ್ಲಿ ಯಾವ ಜಮೀನಿನ ವಿಚಾರವೂ ಮೊದಲಿಗೆ ಹೌದು ಎಂದು ಶುರುವಾದದ್ದಿಲ್ಲ. ಮಧ್ಯಾಹ್ನದ ಮುದ್ದೆಯ ಹೊತ್ತಿಗೆ ಕಾರ್ಖಾನೆ ಕಾಗದದ್ದು ಎಂದಾಯಿತು, ಪತ್ರಿಕೆಗೆ ಕಾಗದ ಬೇಕಲ್ಲ. ಆಮೇಲೆ ಯಾರೋ ಅದರ ಹೊಗೆ ಕೊಳವೆ ಎಲ್ಲಿ ಬರುತ್ತದೆಂದೂ ಗೊತ್ತು ಮಾಡಿದರು. ಚೆಲುವಯ್ಯನ ಹಿಪ್ಪುನೇರಳೆ ತೋಟದ ನಟ್ಟನಡುವೆ.

ಇದು ಚೆಲುವಯ್ಯನ ಕಿವಿಗೆ ಬಿದ್ದದ್ದು ಸೊಪ್ಪಿನ ಹೊರೆ ಹೊತ್ತು ಬರುವಾಗ. ಹೊರೆಯನ್ನು ಅಂಗಳದಲ್ಲಿ ದೊಪ್ಪನೆ ಕೆಡವಿ ಮಗನ ಮುಂದೆ ನಿಂತ.

"ತ್ವಾಟ ಕೊಡ್ತೀಯೇನ್ಲಾ?"

"ಇಲ್ಲಪ್ಪ. ದೇವ್ರಾಣೆ ಇಲ್ಲ. ನನ್ ಓದಿನ ಫೋನು ಅದು."

"ಓದಕ್ಕೆ ಹೋದ್ರೆ ಹೋಗು. ನನ್ ಮಗ ದೂರ ಹೋದ ಅಂತ ಅತ್ತು ಸುಮ್ಕಾಯ್ತೀನಿ. ಮಣ್ಣು ಮಾತ್ರ ಮುಟ್‌ಬ್ಯಾಡ." ಅಪ್ಪನ ದನಿಯಲ್ಲಿ ಕೋಪಕ್ಕಿಂತ ಹೆದರಿಕೆ ಜಾಸ್ತಿ ಇತ್ತು. ಅದನ್ನು ಕೇಳಿ ಜಯಕುಮಾರನಿಗೆ ಸಂಕಟವಾಯಿತು. ಸಾಲದೆ ಬಂದ ಚಂದ್ರಂಕಿಗಳನ್ನು ಪಕ್ಕದೂರು ಅಕ್ಕೂರಿನ ನೆಂಟರಿಂದ ತರಬೇಕೆಂದು ಚೆಲುವಯ್ಯ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟುಹೋದ.

ಗಾಡಿ ತಿರುವಿನಲ್ಲಿ ಮರೆಯಾಗುತ್ತಿದ್ದ ಹಾಗೇ ನಟರಾಜುವಿನ ಬೈಕು ಬಂತು. ಬಿಳಿ ಷರಟು, ಬಿಳಿ ಪ್ಯಾಂಟು, ಎದೆಯ ಜೇಬಿನಲ್ಲಿ ಮೊಬೈಲು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಗುಣಸಂಧಿಯ ದಿನ ನಟರಾಜು ಶಾಲೆಗೆ ಬಂದಿರಲಿಲ್ಲ.

"ಏನ್ಲಾ ಜಯ, ನಂಗೊಂದ್ ಮಾತ್ ಹೇಳ್ದೆ ಡೈರೆಕ್ಟಾಗಿ ಕಂಪ್ನಿಯೋರ್ನ ಹಿಡ್ಕಂಬುಟ್ಟಲ್ಲ?"

"ಯಾವ ಕಂಪ್ನಿಯೂ ಇಲ್ಲ ಕಣ್ಲಾ! ಪತ್ರಿಕೋದ್ಯಮ. ಮೀಡಿಯಾ. ಮೀಡಿಯಾ ಗೊತ್ತಿಲ್ವಾ?"

ನಟರಾಜುವಿನ ಮುಖ ಬಿಳುಚಿತು. "ಅದೇ ಕಣ್ಲಾ ನಾನೂ ಹೇಳ್ತಿರೋದು. ಮೀಡಿಯಾ ಅಂದ್ರೆ ಮೀಡಿಯೇಟ್ರು. ಎರಡೂ ಕಡೆ ಮಧ್ಯ ನಿಂತು ಮಾತಾಡೋನು. ಈ ಊರ್ನಾಗೆ ಆ ಕೆಲ್ಸ ನಂದು! ನನ್ ಹೊಟ್ಟೆ ಮ್ಯಾಲೆ ಹೊಡೀತೀಯಲ್ಲೋ!"

ಜಯಕುಮಾರ ಆಣೆ ಹಾಕಿದ. ವಿಶ್ವವಿದ್ಯಾಲಯದ ಹೆಸರು ಹೇಳಿದ. ಹಿಮ ಬೀಳುತ್ತದೆಂದೂ ಹೇಳಿದ. ನಟರಾಜು ಎಲ್ಲವನ್ನೂ ಕೇಳಿಸಿಕೊಂಡು, "ಎಷ್ಟೊತ್ಗೆ ಫೋನು?" ಎಂದಷ್ಟೇ ಕೇಳಿದ. ಹೇಳಿದ ಮೇಲೆ ಬೈಕು ತಿರುಗಿಸಿ ಕೆರೆ ಏರಿಯ ಕಡೆಗೆ ಹೋದ. ಪೀಡೆ ತೊಲಗಿತೆಂದು ಜಯಕುಮಾರ ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಷರಟು ಹಾಕಿಕೊಂಡ. ಫೋನಿನಲ್ಲಿ ಷರಟು ಕಾಣುವುದಿಲ್ಲ ಎಂದು ಅವ್ವ ನೆನಪಿಸಿದಳು.

ಮೂರು ಗಂಟೆ ದಾಟಿ ಅವನು ಬೂತಿಗೆ ಬಂದಾಗ ಊರು ಅಲ್ಲಿತ್ತು. ಹೆಂಗಸರು ಹುಣಸೆ ಮರದ ಕೆಳಗೆ, ಗಂಡಸರು ಬಸ್ ಸ್ಟಾಪಿನ ಕಟ್ಟೆಯ ಮೇಲೆ, ಕಾಳಯ್ಯನ ಕುರಿ ರಸ್ತೆಯ ತುಂಬ. ಇಮಾಮ್ ಸಾಬರು ಯಾರನ್ನೂ ಗಾಜಿನ ಹತ್ತಿರ ಬಿಡದೆ ಕೋಲು ಹಿಡಿದು ನಿಂತಿದ್ದರು. ಜಯಕುಮಾರ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತನೋ ಇಲ್ಲವೋ, ಫೋನು ಹೊಡೆದುಕೊಂಡಿತು. ಮೂರೂವರೆಗೆ ಇನ್ನೂ ಹೊತ್ತಿತ್ತು. ಆ ಜನ ಹೊತ್ತಿಗೆ ಸರಿಯಾಗಿ ಇರುತ್ತಾರೆಂದು ಕೇಳಿದ್ದ, ಹೊತ್ತಿಗೆ ಮುಂಚೆಯೇ ಇರುತ್ತಾರೆಂದು ಗೊತ್ತಿರಲಿಲ್ಲ. ಅವನಿಗೆ ಹೆಮ್ಮೆಯಾಯಿತು.

"ಜಯಕುಮಾರ್ ಅವರೇ?" ಎಂದಿತು ಫೋನಿನ ಇಂಗ್ಲಿಷು. ಪರದೇಶದ ಗಂಡು ದನಿ, ಮಾತಿನ ನಡುವೆ ಗಾಳಿ ಹಾಯುತ್ತಿತ್ತು. "ನಿಮ್ಮ ಜೊತೆಯೇ ಮಾತಾಡಬೇಕೆಂದು ಹೇಳಿದ್ದಾರೆ. ನನಗೆ ಸಮಯ ಕಡಿಮೆ, ನೇರವಾಗಿ ಕೇಳುತ್ತೇನೆ. ಮೊದಲು ನಿಮ್ಮ ಗುಲಿಕಟ್ಟಿಯ ಬಗ್ಗೆ ಹೇಳಿ."

ಊರಿನ ಹೆಸರು ಕೂಡ ನೆನಪಿಟ್ಟುಕೊಂಡಿದ್ದಾರೆ! ಜಯಕುಮಾರ ಕಣ್ಣು ಮುಚ್ಚಿದ. ಕಲಿತ ಇಂಗ್ಲಿಷೆಲ್ಲ ಸಾಲಾಗಿ ಬಂದು ನಿಂತಿತು. ಬೆಳಗಿನ ಮಂಜಿನಲ್ಲಿ ಹಿಪ್ಪುನೇರಳೆ ತೋಟ ಹೇಗೆ ಕಾಣುತ್ತದೆ, ಕೆರೆಯ ಮೇಲಿನ ಗಾಳಿ ಯಾವ ಹೊತ್ತಿಗೆ ಊರಿಗೆ ಬರುತ್ತದೆ, ದೂರದಲ್ಲಿ ಬಂಡೆಬೆಟ್ಟಗಳು ಸಂಜೆ ಹೇಗೆ ನೀಲಿಯಾಗುತ್ತವೆ ಎಲ್ಲವನ್ನೂ ಹೇಳಿದ.

"ಚೆನ್ನಾಗಿದೆ. ನೀರು?"

ಎಂಥ ಪ್ರಶ್ನೆ! ಊರಿನ ನೀರು ಗೊತ್ತಿಲ್ಲದವನು ಎಂಥ ವರದಿಗಾರ? "ಕಣ್ವ ಜಲಾಶಯ ದೂರವಿಲ್ಲ. ಕೊಳವೆ ಬಾವಿಗಳಲ್ಲಿ ನೀರಿದೆ."

"ರಸ್ತೆ?"

"ಚನ್ನಪಟ್ಟಣಕ್ಕೆ ಡಾಂಬರು ರಸ್ತೆ. ಲಾರಿ ಕೂಡ ಬರುತ್ತದೆ."

"ಊರಿನವರ ವಿರೋಧವೇನಾದರೂ ಇದೆಯೇ?"

ಜಯಕುಮಾರ ಕಣ್ಣು ಬಿಟ್ಟ. ಸಾಬರ ಕೋಲನ್ನು ದಾಟಿ ಮುಖಗಳು ಗಾಜಿಗೆ ಅಂಟಿಕೊಂಡಿದ್ದವು. ದೊಡ್ಡಲಕ್ಷ್ಮಮ್ಮ ಕೈ ಮುಗಿದಿದ್ದಳು. ಪಾಪ, ಏನೂ ಅರಿಯದ ಜನ, ಎಲ್ಲ ತಪ್ಪು ತಿಳಿದುಕೊಂಡಿದ್ದಾರೆ, ಆದರೂ ಎಷ್ಟು ಪ್ರೀತಿ! "ವಿರೋಧವೇ? ಇಡೀ ಊರು ಈಗ ನನ್ನ ಬೆನ್ನಿಗೆ ನಿಂತಿದೆ."

"ಒಳ್ಳೆಯದು. ಅಲ್ಲಿರುವುದನ್ನೆಲ್ಲ ಬಿಟ್ಟುಕೊಡಲು ನೀವು ಸಿದ್ಧರೇ?"

"ಈ ಕ್ಷಣವೇ."

"ಮನೆಯವರು?"

"ತಂದೆಗೆ ಮಣ್ಣೆಂದರೆ ಪ್ರಾಣ. ಆದರೆ ನಾನು ಒಬ್ಬನೇ ಮಗ. ನಾನು ಹೇಳಿದರೆ ಕೊನೆಗೆ ಒಪ್ಪುತ್ತಾರೆ."

"ನಮ್ಮಿಂದ ನಿಮ್ಮ ನಿರೀಕ್ಷೆ?"

ಇದಕ್ಕೆ ಅವನು ತಿಂಗಳಿನಿಂದ ತಯಾರಾಗಿದ್ದ. "ಪೂರ್ತಿ ಕೊಡಬೇಕು. ಅರ್ಧಂಬರ್ಧವಾದರೆ ನಮ್ಮಂಥವರಿಗೆ ಆಗುವುದಿಲ್ಲ."

ಅತ್ತ ಕಡೆ ನಗು ಕೇಳಿತು. "ನೇರವಾಗಿ ಮಾತಾಡುತ್ತೀರಿ. ನಮಗೆ ಬೇಕಾದದ್ದು ಇಂಥವರೇ. ಆಯಿತು ಎಂದೇ ತಿಳಿದುಕೊಳ್ಳಿ. ಮಿಕ್ಕದ್ದು ನಾಳೆ ಬೆಳಿಗ್ಗೆ."

ಫೋನ್ ಇಟ್ಟ ಮೇಲೂ ಅವನು ಅದನ್ನು ಒಂದಿಷ್ಟು ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಬಾಗಿಲು ತೆರೆದು, "ಆಯ್ತು! ಸಾಬ್ರೇ, ಆಯ್ತು!" ಎಂದು ಇಮಾಮ್ ಸಾಬರನ್ನು ತಬ್ಬಿಕೊಂಡ. "ಆಯ್ತಂತೆ!" ಎಂದು ಕಟ್ಟೆ ಕೂಗಿತು. "ಆಯ್ತಂತೆ ಕಣ್ರೋ!" ಎಂದು ಹುಣಸೆ ಮರ ಕೂಗಿತು. ಯಾರೋ ಅವನ ಬಾಯಿಗೆ ಬೆಲ್ಲ ತುರುಕಿದರು. ಇವರಿಗೆ ನಿಧಾನವಾಗಿ ತಿಳಿಸಿ ಹೇಳಿದರಾಯಿತು ಎಂದುಕೊಂಡು ಅವನು ಬೆಲ್ಲ ನುಂಗಿದ.

ಮನೆಗೆ ಹೇಗೆ ಬಂದನೋ ಅವನಿಗೆ ಗೊತ್ತಿಲ್ಲ. ಅವ್ವನ ಪಕ್ಕದಲ್ಲಿ ಕುಳಿತು ಹಣ್ಣು ಹುಳು ಆರಿಸತೊಡಗಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಇದ್ದ ನಾಲ್ಕಾರು ಚಂದ್ರಂಕಿಗಳಲ್ಲಿ ಮೊದಲು ಬಿಟ್ಟ ಹುಳುಗಳು ಆಗಲೇ ತಮ್ಮ ಸುತ್ತ ತೆಳ್ಳಗೆ ಬಿಳಿ ಎಳೆಯುತ್ತಿದ್ದವು. ಅದನ್ನು ನೋಡನೋಡುತ್ತ ಅವನು ಆ ಊರಿನ ಬೀದಿಗಳಲ್ಲಿ ತಿರುಗಾಡಿದ, ಅಲ್ಲಿಯ ಗ್ರಂಥಾಲಯದ ಮೆಟ್ಟಿಲು ಹತ್ತಿದ, ರಾತ್ರಿ ಹಾಸಿಗೆಯಲ್ಲಿ ಗೂಳಿಕಟ್ಟೆಯನ್ನು ನೆನೆದು ಒಂದು ಹನಿ ಕಣ್ಣೀರನ್ನೂ ಹಾಕಿದ. ಬಿಟ್ಟು ಹೋಗುವ ಮೊದಲೇ ಅವನಿಗೆ ಇದೆಲ್ಲ ಬಹಳ ಪ್ರಿಯವಾಗಿಬಿಟ್ಟಿತ್ತು.

"ಅಲ್ಲಿ ಬೋ ಚಳಿಯಂತಲ್ಲ," ಎಂದಳು ಅವ್ವ. "ರಾಗಿಹಿಟ್ಟು ಕಟ್‌ಕೊಡ್ತೀನಿ. ಆ ಮಕ್ಕಳಿಗೂ ಒಸಿ ಮುದ್ದೆ ನುಂಗೋದು ಹೇಳ್ಕೊಡು, ಮೇಷ್ಟ್ರಾಗಿ ಹೋಯ್ತಿದ್ದೀಯ."

"ಆಗ್ಲಿ ಅವ್ವ," ಎಂದ. ಈಗ ತಿದ್ದುವ ಮನಸ್ಸು ಅವನಿಗಿರಲಿಲ್ಲ.

ಹೊತ್ತು ಇಳಿಯುವಾಗ ನಟರಾಜು ಬಂದ. ಬೈಕನ್ನು ದೂರದಲ್ಲೇ ನಿಲ್ಲಿಸಿ ಹಿತ್ತಲಿನಿಂದ ಬಂದು, ಜಯಕುಮಾರನನ್ನು ಸೊಪ್ಪಿನ ಕೋಣೆಯ ಮರೆಗೆ ಎಳೆದುಕೊಂಡು ಹೋಗಿ, ಕೈಯಲ್ಲೊಂದು ಮೈಸೂರು ಪಾಕಿನ ಡಬ್ಬ ಇಟ್ಟ.

"ಗುರು, ಕಾಲಿಗೆ ಬೀಳ್ತೀನಿ ಕಣ್ಲಾ. ಏನ್ ಮಾತಾಡ್ದೆ! ‘ಪೂರ್ತಿ ಕೊಡಿ’ ಅಂದ್ಯಂತೆ! ದೊರೆ ಖುಷಿ ಆಗ್‌ಬುಟ್ಟವ್ನೆ. ನಾಳೆ ಬೆಳಿಗ್ಗೆ ಜೀಪು ಬತ್ತದೆ ಅಳತೆಗೆ. ಅಲ್ಲೀವರ್ಗೂ ಯಾರ್ ತಾವೂ ಉಸ್ರು ಬುಡ್‌ಬ್ಯಾಡ."

"ಯಾವ ದೊರೆ?"

"ನೀನ್ ಮಾತಾಡ್ದಲ್ಲ, ಆ ದೊರೆ. ಬೆಂಗ್ಳೂರಾಗೆ ಅವ್ರ ಆಫೀಸು. ಆರ್ ತಿಂಗ್ಳಿಂದ ಅವ್ರ ಕಾರ್ಖಾನೆಗೆ ಬ್ಯಾರೆ ಊರ್ಗಳಾಗೆ ಜಾಗ ತೋರುಸ್ತಾ ಸಾಯ್ತಾ ಇದ್ದೆ."

ಜಯಕುಮಾರನ ಕೈಯಲ್ಲಿದ್ದ ಡಬ್ಬ ತೂಕವಾಯಿತು. "ನಟರಾಜು. ನಿಧಾನಕ್ಕೆ ಹೇಳು."

"ನೀನು ಡೈರೆಕ್ಟಾಗಿ ಡೀಲ್ ಮಾಡ್ತಿದ್ದೀಯ ಅಂತ ಹೊಟ್ಟೆ ಉರೀತಲ್ಲ, ಏರಿ ಮ್ಯಾಲೆ ನಿಂತ್ಕಂಡು ಅವ್ರಿಗೇ ಹಚ್ದೆ. ನೋಡುದ್ರೆ ಆ ಯಪ್ಪಂಗೆ ನಮ್ಮೂರು ಇರೋದೇ ಗೊತ್ತಿಲ್ಲ! ಬೇರೆ ಯಾವ್ದೋ ಕಂಪ್ನಿ ಇರ್ಬೇಕು, ಅವ್ರು ಬರೋದ್ರೊಳಗೆ ನಮ್ಮೋರು ನುಗ್ಲಿ ಅಂತ, ‘ನಮ್ ಹುಡ್ಗ ಅವ್ನೆ, ಸಂದಾಗಿ ಇಂಗ್ಲಿಷ್ ಬತ್ತದೆ, ಮೂರ್ ಗಂಟೆ ಮ್ಯಾಕೆ ಬೂತಿಗೆ ಮಾಡಿ’ ಅಂದೆ. ಮಾಡ್‌ಬುಟ್ರು. ನಿಮ್ ತ್ವಾಟನೇ ಮೊದ್ಲು ಅಳೀತಾರೆ, ನಿಮ್ಮಪ್ಪನ್ನ ನೀನೇ ಒಪ್ಪುಸ್ತೀನಿ ಅಂದ್ಯಂತಲ್ಲ."

ಬೆಳಗಿನಿಂದ ಇಡೀ ಊರು ತಪ್ಪು ತಿಳಿದಿದೆ ಎಂದು ನಂಬಿಕೊಂಡಿದ್ದವನು ಜಯಕುಮಾರ. ಊರು ಸರಿಯಾಗಿಯೇ ತಿಳಿದಿತ್ತು. ಬಂದದ್ದು ಕಂಪನಿಯ ಫೋನೇ. ತಪ್ಪು ತಿಳಿದವನು ಗೂಳಿಕಟ್ಟೆಯಲ್ಲಿ ಅವನೊಬ್ಬನೇ.

"ಅಂಗಾದ್ರೆ ಮೂರೂವರೆಗೆ..." ಎಂದವನು ಡಬ್ಬ ಬಿಸಾಕಿ ಬೂತಿಗೆ ಓಡಿದ.

ಇಮಾಮ್ ಸಾಬರು ಅವನನ್ನು ಕಂಡದ್ದೇ ಮುಖ ಅರಳಿಸಿದರು. "ಬಾ ಬೇಟಾ, ನಿಂಗೇ ಹೇಳ್ಬೇಕು ಅಂತಿದ್ದೆ. ನೀನು ಆ ಕಡೆ ಹೋದೆ, ಈ ಕಡೆ ಇನ್ನೊಂದು ಫೋನ್ ಬಂತು. ಯಾರೋ ಮೇಡಂ, ಫಾರಿನ್ನು. ‘ಜಯಕುಮಾರ್, ಇಂಟರ್ವ್ಯೂ’ ಅಂದ್ರು. ನಾನು ಬಿಡ್ತೀನಾ? ಇಂಗ್ಲಿಷ್‌ನಲ್ಲೇ ಕೊಟ್ಟೆ. ‘ಮೇಡಂ, ಫಿನಿಶ್! ಹೀ ಗಾಟ್! ವೆರಿ ಹ್ಯಾಪಿ! ನೋ ನೀಡ್, ಥ್ಯಾಂಕ್ಯೂ!’ ಮತ್ತೆ ಮತ್ತೆ ಕೇಳಿದ್ರು. ನಾನೂ ಮತ್ತೆ ಮತ್ತೆ ಫಿನಿಶ್ ಅಂದೆ. ಕಾಂಪಿಟೇಷನ್ ಕಂಪ್ನಿ ಇರ್ಬೇಕು, ಅಲ್ವಾ?"

ಜಯಕುಮಾರ ಬೂತಿನೊಳಗೆ ನುಗ್ಗಿದ. ವಿಶ್ವವಿದ್ಯಾಲಯದ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಒಂದೊಂದೇ ಅಂಕಿ ಒತ್ತಿದ. ದೂರದಲ್ಲಿ, ಬಹಳ ದೂರದಲ್ಲಿ ಗಂಟೆ ಬಾರಿಸಿತು. ಒಬ್ಬ ಹೆಂಗಸು ಎತ್ತಿಕೊಂಡರು. ಅವನ ಹೆಸರು ಕೇಳಿದ್ದೇ ಅವರಿಗೆ ಸಂತೋಷವಾಯಿತು.

"ಅಭಿನಂದನೆಗಳು! ನಿಮಗೆ ಬೇರೆ ಕಡೆ ಸಿಕ್ಕಿತೆಂದು ನಿಮ್ಮ ಮ್ಯಾನೇಜರು ಬಹಳ ಸ್ಪಷ್ಟವಾಗಿ ಹೇಳಿದರು."

"ಅವರು ಮ್ಯಾನೇಜರಲ್ಲ, ಮೇಡಂ. ನನಗೆಲ್ಲೂ ಸಿಕ್ಕಿಲ್ಲ. ದಯವಿಟ್ಟು ಈಗ ಕೇಳಿ, ಏನು ಬೇಕಾದರೂ ಕೇಳಿ."

ಅತ್ತಲಿನ ದನಿ ತುಂಬ ಮೆತ್ತಗಾಯಿತು. "ಅಯ್ಯೋ. ಈಗಷ್ಟೇ ಮುಂದಿನ ಅಭ್ಯರ್ಥಿಗೆ ಹೇಳಿಬಿಟ್ಟೆವು. ಮನಿಲಾದ ಹುಡುಗಿ. ಖುಷಿಗೆ ಅತ್ತುಬಿಟ್ಟಳು. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಹೇಗೆ? ನಿಜ ಹೇಳುತ್ತೇನೆ ಜಯಕುಮಾರ್, ನಾವು ನಿಮ್ಮನ್ನೇ ಅಂದುಕೊಂಡಿದ್ದೆವು. ನೀವು ಅರ್ಜಿಯ ಜೊತೆ ಕಳಿಸಿದ್ದ ಆ ಗುಬ್ಬಿಗೂಡಿನ ಬರಹ ಓದಿದ ಮೇಲೆ ಸಂದರ್ಶನ ಬರೀ ಶಾಸ್ತ್ರಕ್ಕೆ."

ಮನಿಲಾದ ಹುಡುಗಿಗೆ ಒಳ್ಳೆಯದಾಗಲಿ ಎಂದು ಜಯಕುಮಾರ ಹೇಳಿದ. ಅದನ್ನು ಮನಸ್ಸಿನಿಂದಲೇ ಹೇಳಿದ. ಆಮೇಲೆ ಫೋನ್ ಇಟ್ಟ.

ಹೊರಗೆ ಮತ್ತೆ ಊರು ಸೇರಿತ್ತು. ಅವನು ಓಡಿಬಂದದ್ದನ್ನು ಎಲ್ಲರೂ ನೋಡಿದ್ದರು, ಗಾಜಿನೊಳಗಿನ ಮುಖವನ್ನೂ ನೋಡಿದ್ದರು.

"ಏನಂತಪ್ಪ?" ಎಂದಳು ದೊಡ್ಡಲಕ್ಷ್ಮಮ್ಮ.

ಅವನಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. "ಬ್ಯಾರೆಯೋರ್ಗೆ ಕೊಟ್‌ಬುಟ್ರಂತೆ."

"ಅಕ್ಕೂರೋರ್ಗಾ?" ಎಂದು ಕಾಳಯ್ಯ ಅರಚಿದ. "ನಂಗೊತ್ತಿತ್ತು! ಆ ಅಕ್ಕೂರೋರು ನಮ್ಗೆ ಯಾವತ್ತಾದ್ರೂ ಒಳ್ಳೇದಾಗಕ್ಕೆ ಬುಟ್ಟವ್ರಾ?" ದೊಡ್ಡಲಕ್ಷ್ಮಮ್ಮ ತಲೆ ಮೇಲೆ ಕೈ ಹೊತ್ತು ಕುಸಿದು ಕುಳಿತಳು. ಇಮಾಮ್ ಸಾಬರು ಕಣ್ಣೊರೆಸಿಕೊಂಡರು. ಜಯಕುಮಾರನೂ ಅವರ ನಡುವೆ ಕುಳಿತು ಅತ್ತ. ಊರಿಗೆ ಊರೇ ಅವನೊಂದಿಗೆ ಇಷ್ಟು ಮನಸಾರೆ ದುಃಖಪಟ್ಟದ್ದು ಅದೇ ಮೊದಲು, ದುಃಖ ಮಾತ್ರ ಬೇರೆ ಬೇರೆ.

ಅಷ್ಟರಲ್ಲಿ ಚಂದ್ರಂಕಿ ಹೇರಿದ ಗಾಡಿ ಬಂತು. ಕಾಳಯ್ಯ ಗಾಡಿಗೆ ಅಡ್ಡ ನಿಂತು, "ನೋಡು ಚೆಲುವಣ್ಣ, ನಿನ್ ಮಗ ಫೋನ್ನಾಗೆ ಅದೇನ್ ಮಾತಾಡುದ್ನೋ, ಕಂಪ್ನಿ ಕೈಬಿಟ್ಟೋಯ್ತು!" ಎಂದು ದೂರು ಹೇಳಿದ.

ಚೆಲುವಯ್ಯ ಗಾಡಿಯಿಂದ ಇಳಿದ. ಗುಂಪನ್ನು ಬಿಡಿಸಿಕೊಂಡು ಬಂದು ಮಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಬಹಳ ವರ್ಷದ ಮೇಲೆ ಮಗನ ಬೆನ್ನಿನ ಮೇಲೆ ಕೈ ಇಟ್ಟ.

"ಊರೇ ಒಂದ್ಕಡೆ ಆದ್ರೂ ನನ್ ಮಾತು ಉಳುಸ್ಕಂಡೆ ಕಣ್ ಮಗ. ನಾನೇ ನಿನ್ನ ತಪ್ಪು ತಿಳ್ಕಂಡಿದ್ದೆ. ಅಳ್‌ಬ್ಯಾಡ. ಓದು ಹೋದ್ರೆ ಹೋಗ್ಲಿ, ತ್ವಾಟ ಐತಲ್ಲ. ನಾಳೆಯಿಂದ ಇಬ್ರೂ ಒಟ್ಗೇ ಇಳಿಯಾನ."

ನಾಳೆ ಬೆಳಿಗ್ಗೆ ಆ ತೋಟಕ್ಕೆ ಮೊದಲು ಇಳಿಯುವುದು ಅಳತೆಯ ಜೀಪು. ಅದನ್ನು ಅಪ್ಪನಿಗೆ ಯಾರಾದರೂ ತಿಳಿಸಲೇಬೇಕಿತ್ತು. ನಟರಾಜು ಆಗಲೇ ಬೈಕು ಹತ್ತಿ ಹೋಗಿಯಾಗಿತ್ತು. ಜಯಕುಮಾರ ಸುತ್ತ ನೋಡಿದ. ಗೂಳಿಕಟ್ಟೆಯಲ್ಲಿ ವರದಿಗಾರನೆಂದು ಇದ್ದವನು ಅವನೊಬ್ಬನೇ.